ಬಾಯಿಬಿಟ್ಟು ಹೇಳಿದ ದರ

ಗಣಾರಾಧನೆಗೆ ಬಂದ ನೆಂಟರೆಲ್ಲ ಊರು ಸೇರಿದ ಮೇಲಿನ ಮೊದಲ ಬೆಳಗು ಅದು. ಹಾಲಿನವನು ಎಂದಿನಂತೆ ಗಂಟೆ ಬಾರಿಸಿದ. ಮಹೇಶಕುಮಾರನ ಫೋನಿಗೆ ಎಂದಿನಂತೆ ಏಳಕ್ಕೆ ತೊಗರಿ ದರದ ಮೆಸೇಜು ಬಂತು. ಶೈಲಶ್ರೀ ಓದಿದಳು. ಗಂಡ ಮಹೇಶ ತೀರಿಕೊಂಡು ಹನ್ನೆರಡು ದಿನವಾದರೂ ಅವಳಿಗೆ ಅಳು ಬಂದಿರಲಿಲ್ಲ. ದರ ಮಾತ್ರ ತಲೆಯಲ್ಲಿ ಉಳಿಯಿತು: ಕ್ವಿಂಟಲಿಗೆ ಏಳು ಸಾವಿರದ ನೂರು.

ಒಂಬತ್ತಕ್ಕೆ ರೈತ ಮಹಿಳೆ ನೀಲಾಬಾಯಿ ಫೋನು ಮಾಡಿದಳು. "ತಂಗೀ, ಲಗೂನ ಗೋದಾಮಿಗೆ ಬಾ. ಅಶೋಕಕುಮಾರ ಸಾವ್ಕಾರ ಮಂದಿನ ಕೂಡಿಸ್ಯಾನ. ಹರಾಜು ಬಿಡ್ರಿ, ಇದ್ದ ಮಾಲೆಲ್ಲ ನನಗ ಕೊಡ್ರಿ ಅನ್ನಾಕತ್ತಾನ."

ಶೈಲಶ್ರೀ ಹಣೆಗೆ ವಿಭೂತಿ ಹಚ್ಚಿಕೊಂಡು ಲ್ಯಾಪ್‌ಟಾಪ್ ಬಗಲಿಗೇರಿಸಿದಳು. ತಡೆಯಲು ಬಾಯಿ ತೆರೆದ ಅತ್ತೆ ಸೊಸೆಯ ಮುಖ ನೋಡಿ ಬಾಗಿಲು ಬಿಟ್ಟು ಸರಿದರು.

ಸೇಡಂ ಸುತ್ತಲಿನ ಎಪ್ಪತ್ತು ರೈತರ ಕಂಪನಿಯನ್ನು ಮಹೇಶ ಕಟ್ಟಿದ್ದ. ಎಂ.ಕಾಂ. ಓದಿದ ಶೈಲಶ್ರೀ ಮೊದಲ ದಿನದಿಂದಲೂ ಅದರ ಎರಡನೆಯ ಸಹಿದಾರಳು. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಲೇ ಮಾರಿದರೆ ದರ ಬೀಳುತ್ತದೆ. ಅದಕ್ಕೇ ಜನವರಿಯಲ್ಲಿ ಏಳುನೂರು ಚೀಲ ತೊಗರಿಯನ್ನು ಚಿತ್ತಾಪುರ ರಸ್ತೆಯ ಗೋದಾಮಿನಲ್ಲಿ ಇಟ್ಟಿದ್ದರು. ಗೋದಾಮಿನವರು ತೂಕ, ಗುಣಮಟ್ಟ ನೋಡಿ ಕಂಪ್ಯೂಟರಿನಲ್ಲಿ ರಸೀದಿ ಕೊಟ್ಟರು. ಆ ರಸೀದಿಯ ಮೇಲೆ ಬ್ಯಾಂಕು ಮಾಲಿನ ಬೆಲೆಯ ಮುಕ್ಕಾಲು ಭಾಗ ಸಾಲ ಕೊಟ್ಟಿತು. ಮಾಲೂ ಕೈಬಿಡಲಿಲ್ಲ, ಖರ್ಚಿಗೆ ರೊಕ್ಕವೂ ಬಂತು. ಇವತ್ತು ಮಧ್ಯಾಹ್ನ ಎರಡಕ್ಕೆ ಆನ್‌ಲೈನ್ ಹರಾಜು. ದೇಶದ ಯಾವ ಗಿರಣಿಯವರಾದರೂ, ವ್ಯಾಪಾರಿಗಳಾದರೂ ದರ ಕೂಗಬಹುದು. ಹರಾಜಿಗೆ ಮೊದಲೇ ರೈತರು ಮಾಲು ಬಿಟ್ಟುಕೊಟ್ಟರೆ ಕಂಪನಿಯ ಕತೆ ಅಲ್ಲಿಗೆ ಮುಗಿದಂತೆ.

ಗೋದಾಮಿನ ಮುಂದಿನ ಪರಸಿಕಲ್ಲಿನ ಕಟ್ಟೆಯ ಮೇಲೆ ದಲಾಲಿ ಅಂಗಡಿಯ ಅಶೋಕಕುಮಾರ ಸಾವ್ಕಾರ ಕೂತಿದ್ದ. ಅವನ ಕೈಯೂ ಹಿರಿಯ ರೈತ ಮಾಣಿಕಪ್ಪನ ಕೈಯೂ ಒಂದೇ ಟವೆಲ್ಲಿನ ಕೆಳಗಿದ್ದವು. ಬೆರಳು ಹಿಡಿದು ದರ ಹೇಳುವ ಹಳೆಯ ಪದ್ಧತಿ, ಪಕ್ಕದವನಿಗೂ ತಿಳಿಯುವುದಿಲ್ಲ.

"ಎಷ್ಟು ಹಿಡದಾರ, ಕಾಕಾ?" ಶೈಲಶ್ರೀ ಮಾಣಿಕಪ್ಪನನ್ನು ಕೇಳಿದಳು.

"ಅದು ಹೇಳಬಾರದವ್ವ."

"ಸಾವ್ಕಾರ್ರ, ನನ್ನ ಕೈ ಟವೆಲ್ಲಿನಾಗ ಬರೂದಿಲ್ಲ. ಬಾಯಿಲೆ ಹೇಳ್ರಿ."

ಸಾವ್ಕಾರ ಗಂಟಲು ಸರಿಮಾಡಿಕೊಂಡ. "ಆರು ಸಾವಿರದ ನಾನೂರು, ನಗದ. ಸಿಟ್ಟಾಗಬ್ಯಾಡ ತಂಗೆವ್ವ, ಮಹೇಶ ಹೋದ. ನಾಳೆ ಬ್ಯಾಂಕಿನವ್ರು ಕೀಲಿ ಹಾಕ್ತಾರ. ಕಾಗದಪತ್ರ ಮಾಡಸೂದ್ರಾಗ ತೊಗರಿಗೆ ಹುಳ ಬೀಳ್ತದ."

ಎಲ್ಲರ ಎದೆಯಲ್ಲಿ ಕೂತಿದ್ದ ಭಯವೇ ಅದು. ಮಾಣಿಕಪ್ಪ ಕೇಳಿಯೇಬಿಟ್ಟ. "ಖರೆ ಏನವ್ವ? ಸತ್ತವನ ಆಸ್ತಿ ಹೆಂಡತಿಗೆ ಹೋಗ್ತದ. ಅಂದ್ರ ನಮ್ಮ ತೊಗರಿ ಈಗ ನಿಂದಾತೇನು?"

"ನಂದಾಗಿದ್ರ ಇಷ್ಟೊತ್ತಿಗೆ ಮಾರಿ ಕೂತಿರ್ತಿದ್ನಲ್ಲ, ಕಾಕಾ?"

ಜನ ನಕ್ಕರು. ತನ್ನ ಬಾಯಿಂದ ತಮಾಷೆ ಬಂದದ್ದಕ್ಕೆ ಶೈಲಶ್ರೀಗೇ ಬೆರಗಾಯಿತು. ಅವಳು ರಸೀದಿ ತೆರೆದು ತೋರಿಸಿದಳು.

"ನೋಡ್ರಿ, ಕಂಪನಿ ಹೆಸರಿಲೆ ಅದ. ಬ್ಯಾಂಕು ಕೊಟ್ಟ ರೊಕ್ಕ ಯಾರ್ದು? ವಾಡಿಯ ಯಾರೋ ಮಾಸ್ತರು, ಶಹಾಬಾದದ ಯಾರೋ ಅಂಗಡಿಯವ್ರು ಇಟ್ಟ ಠೇವಣಿ. ಅವ್ರು ನಿಮ್ಮ ಮಾರಿ ನೋಡಿಲ್ಲ, ನೀವು ಅವ್ರ ಮಾರಿ ನೋಡಿಲ್ಲ. ನಡುವ ಗೋದಾಮಿನ ತೂಕ, ವಿಮೆ, ಕಾಯ್ದೆ ನಿಂತಾವ. ಒಬ್ಬ ಮನಷ್ಯಾ ಹೋದ್ರ ಇದು ಬೀಳೂದಿಲ್ಲ. ಬೀಳಬಾರದಂತನ ನಮ್ಮ ಮನಿಯವ್ರು ಹಿಂಗ ಕಟ್ಟ್ಯಾರ."

ಕೊನೆಯ ಮಾತಿಗೆ ದನಿ ಏರಿತು. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳೊಳಗೆ ಏನೋ ಅಲುಗಾಡಿತು. ದುಃಖವೆಂದುಕೊಂಡಳು. ಅಲ್ಲ, ಅಭಿಮಾನ.

ಸಾವ್ಕಾರ ಸೋಲಲಿಲ್ಲ. ಗೋದಾಮಿನವನು ತೆಗೆದಿಟ್ಟ ಸ್ಯಾಂಪಲ್ಲಿನಿಂದ ಕಾಳೊಂದನ್ನು ಕಚ್ಚಿದ. "ಕಟ್ ಅನ್ನವಲ್ದು. ಹಸಿ ಹಿಡದದ. ಆನ್‌ಲೈನಿನವ ಲಾರಿ ತಂದು ವಾಪಸ್ ಹೋಗ್ತಾನ."

ಒಣ ಕಾಳು ಕಟ್ ಎಂದು ಒಡೆಯಬೇಕು; ಹಲ್ಲಿನಿಂದ ಕಾಳು ನೋಡುವುದು ಇಲ್ಲಿ ಎಲ್ಲರೂ ನಂಬುವ ಪರೀಕ್ಷೆ. ಮಂದಿ ಮತ್ತೆ ಗುಸುಗುಸು ಶುರು ಮಾಡಿದರು. ಶೈಲಶ್ರೀ ಗೋದಾಮಿನೊಳಗಿನ ಕಂಪನಿಯ ಕೋಣೆಗೆ ಹೋಗಿ ಮಹೇಶನ ಕಪಾಟಿನಿಂದ ತೇವ ಅಳೆಯುವ ಮಷೀನು ತಂದಳು. ಕಂಪನಿಯದು ಕೆಟ್ಟಾಗ ಸುಗ್ಗಿಯಲ್ಲಿ ಮಹೇಶ ಕಡ ತಂದದ್ದು. ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ ಅಶೋಕಕುಮಾರನ ಅಡತಿ ಅಂಗಡಿಯ ಹೆಸರೇ ಇತ್ತು. ಅವಳು ಒಂದು ಹಿಡಿ ಕಾಳು ಹಾಕಿ ಗುಂಡಿ ಒತ್ತಿದಳು. ತೇವ ಶೇಕಡಾ ಒಂಬತ್ತೂವರೆ. ಹತ್ತರೊಳಗಿದ್ದರೆ ಒಣ ಮಾಲು.

ನೀಲಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಸಾವ್ಕಾರ್ರ, ಮಷೀನೂ ನಿಮ್ದು, ಹಲ್ಲೂ ನಿಮ್ದು. ಯಾವ್ದು ಸುಳ್ಳು ಹೇಳಾಕತ್ತದ ನೀವೇ ಹೇಳ್ರಿ."

"ಹಲ್ಲು ಕಟ್ಟಿಸಿದ್ದವ್ವಾ," ಎಂದ ಸಾವ್ಕಾರ. ಕಟ್ಟೆಗೆ ಕಟ್ಟೆಯೇ ನಕ್ಕಿತು.

ಎರಡಕ್ಕೆ ಹರಾಜು ತೆರೆಯಿತು. ಆರು ಸಾವಿರದ ಒಂಬೈನೂರು. ಏಳು ಸಾವಿರ. ಏಳು ಸಾವಿರದ ಎಂಬತ್ತು. ಎಲ್ಲರೂ ಪರದೆಯ ಮೇಲೆ ಬಗ್ಗಿದರು.

"ಯಾರ ಹೆಸರೂ ಇಲ್ಲಲ್ಲ ತಂಗಿ? ಇದೂ ಟವೆಲ್ಲೇ ಆತು!" ಎಂದಳು ನೀಲಾಬಾಯಿ.

"ಅಲ್ಲಿ ದರ ಮುಚ್ಚಿ ಮಾರಿ ತೋರಸ್ತಾರ, ಕಾಕಿ. ಇಲ್ಲಿ ಮಾರಿ ಮುಚ್ಚಿ ದರ ತೋರಸ್ತಾರ."

ಏಳು ಸಾವಿರದ ಇನ್ನೂರ ನಲವತ್ತಕ್ಕೆ ಅಂಕಿ ನಿಂತಿತು. ಶೈಲಶ್ರೀ ತಲೆಯೆತ್ತಿದಳು. ಮೊದಲು ಮಾಣಿಕಪ್ಪ ಕೈಯೆತ್ತಿದ, ಆಮೇಲೆ ಎಲ್ಲರೂ. ಅವಳು ಒಪ್ಪಿಗೆ ಒತ್ತಿದಳು. ಆಗ ಕೊಂಡವರ ಹೆಸರು ತೆರೆದುಕೊಂಡಿತು. ಎರಡು ಸಲ ಓದಿ ಅವಳು ಪರದೆಯನ್ನು ಮಂದಿಯ ಕಡೆ ತಿರುಗಿಸಿದಳು. ಮಷೀನಿನ ಬೆನ್ನ ಮೇಲಿದ್ದ ಅದೇ ಹೆಸರು ಓದಿ ಮಂದಿ ನಕ್ಕರು. ಕಂಬಕ್ಕೆ ಒರಗಿ ನಿಂತಿದ್ದ ಅಶೋಕಕುಮಾರ ತನ್ನ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ.

"ನಗೂದೇನದ ಇದ್ರಾಗ? ಮಾಲು ಚೊಲೊ ಅದ. ಲಾತೂರಿನ ಗಿರಣಿಯವ್ರಿಗೆ ಬಿಟ್ಟು ಕೂಡ್ಬೇಕಿತ್ತೇನು?"

"ಅದನ್ನ ಮುಂಜಾನೆನೇ ಹೇಳಿದ್ರ ಚಾ ಕುಡಸ್ತಿದ್ವಿ," ಎಂದಳು ನೀಲಾಬಾಯಿ.

ರೊಕ್ಕ ಜಮಾ ಆದ ಕೂಡಲೇ ಬ್ಯಾಂಕು ತನ್ನ ಸಾಲ, ಬಡ್ಡಿ ಹಿಡಿದುಕೊಳ್ಳುತ್ತದೆ, ಉಳಿದದ್ದು ಎಪ್ಪತ್ತು ಖಾತೆಗೆ ಹೋಗುತ್ತದೆ ಎಂದು ಶೈಲಶ್ರೀ ರೈತರಿಗೆ ಹೇಳಿದಳು. ಯಾರೂ ಎರಡನೆಯ ಸಲ ಕೇಳಲಿಲ್ಲ. ಮಷೀನನ್ನು ಒರೆಸಿ, ಡಬ್ಬಿಯಲ್ಲಿಟ್ಟು, ಸಾವ್ಕಾರನ ಮುಂದೆ ಹಿಡಿದಳು.

"ಮಾಲು ಎತ್ತುವಾಗ ನಿಮಗ ಬೇಕಾಗ್ತದ. ನಮ್ಮ ಮನಿಯವ್ರು ಕಡ ತಂದಿದ್ರು."

"ಇರ್ಲಿ ಬಿಡವ್ವಾ. ಮುಂದಿನ ಸುಗ್ಗಿಗೆ ನಿಮಗೂ ಬೇಕಲ್ಲ."

"ಬೇಕ್ರಿ. ನಮ್ಮದು ನಾವು ತರಸ್ತೀವಿ."

ಸಾವ್ಕಾರ ಕಂಬ ಬಿಟ್ಟು ನೆಟ್ಟಗೆ ನಿಂತು ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡ.