ಕಿಟಕಿಯಲ್ಲಿದ್ದ ಮಷೀನು

ಹನಿ ಇನ್ನೂ ಬಿದ್ದಿಲ್ಲ, ಎಣ್ಣೆ ಡಬ್ಬಿಯ ಮೂತಿಯಲ್ಲಿ ತೂಗುತ್ತ ನಿಂತಿದೆ, ಅದರೊಳಗೆ ಕಿಟಕಿ ತಲೆಕೆಳಗಾಗಿ ಕಾಣುತ್ತಿದೆ, ಸರಳುಗಳು, ಆಚೆ ಮಲಿಕಾಬಿಯ ಮನೆಯ ಕಟ್ಟೆ, ಕಟ್ಟೆಯ ಮೇಲಿನ ಕೋಳಿ, ಎಲ್ಲ ಒಂದೇ ಹನಿಯಲ್ಲಿ — ಈಗ ಬಿತ್ತು, ಮಷೀನಿನ ತೂತಿನೊಳಗೆ ಇಳಿದೇ ಹೋಯಿತು, ಕಿಟಕಿಯೂ ಹೋಯಿತು. ಇನ್ನೊಂದು. ಸಾಕು. ಒಂದೊಂದು ತೂತಿಗೆ ಎರಡ ಹನಿ ಬೇ, ಹೊಟ್ಟಿ ತುಂಬ ಕುಡಸಬ್ಯಾಡ, ಕುಡದದ್ದೆಲ್ಲಾ ಮಂದಿ ಜಂಪರ ಮ್ಯಾಲೆ ಕಕ್ಕತೈತಿ. ಸುವರ್ಣಾ ಹೇಳಿದ್ದು. ಬೇರೆ ಮನೆಗಳಲ್ಲಿ ತಾಯಿ ಮಗಳಿಗೆ ಕಲಿಸುತ್ತಾಳೆ, ಈ ಮನೆಯಲ್ಲಿ ಮಗಳು ತಾಯಿಗೆ ಕಲಿಸಿದಳು, ಕುಂದಗೋಳದ ಹೊಲಿಗೆ ಕ್ಲಾಸಿಗೆ ಹೋಗಿ ಬಂದು ಸಂಜೆ ನನ್ನನ್ನು ಕೂರಿಸಿ ಟೀಚರ್ ಬೈದ ಹಾಗೆಯೇ ಬೈಯುತ್ತಿದ್ದಳು — ಗಾಲಿ ಹಿಂದಕ್ಕ ತಿರವಬ್ಯಾಡ ಯವ್ವಾ, ದಾರ ಗಂಟಾಕ್ಕೈತಿ, ಎಷ್ಟ ಸಲ ಹೇಳೂದು ನಿನಗ, ಮಷೀನಿಗೆ ಹಿಂದಕ್ಕ ಹೋಗಾಕ ಬರಂಗಿಲ್ಲ. ನನ್ನ ಕಾಲು ಮಾತು ಕೇಳುತ್ತಿರಲಿಲ್ಲ, ಬೀಸುವ ಕಲ್ಲಿಗೆ ಒಗ್ಗಿದ ಮೈ, ಪಾವಟಿ ಒತ್ತಿದರೆ ಗಾಲಿ ಹಿಂದಕ್ಕೇ ಓಡುತ್ತಿತ್ತು, ದಾರ ಕೆಳಗೆ ಗಂಟುಗಂಟಾಗಿ ಹಕ್ಕಿಯ ಗೂಡು. ಆಗಲೇ ಒಮ್ಮೆ ಗಾಲಿ ಬಿಗಿಯಾಯಿತೆಂದು ಇವರು ಅಡಿಗೆ ಮನೆಯ ಕುಸುಬಿ ಎಣ್ಣೆಯನ್ನೇ ತಂದು ಸುರಿದುಬಿಟ್ಟಿದ್ದರು, ಚಕ್ಕಡಿಯ ಗಾಲಿಗೆ ಹಾಕಿದ ಹಾಗೆ, ಅದು ಕೆಲವೇ ದಿನಗಳಲ್ಲಿ ಅಂಟಾಗಿ ಒಣಗಿ ಮಷೀನು ಕಲ್ಲಿನಂತೆ ಕೂತಿತು. ಸುವರ್ಣಾ ನೆಲಕ್ಕೆ ಬಿದ್ದು ನಕ್ಕಳು, ಅಪ್ಪಾ, ಮಷೀನಿಗೆ ಒಗ್ಗರಣಿ ಹಾಕೀಯಲ್ಲೋ, ಇನ್ನ ಉಳ್ಳಾಗಡ್ಡಿ ಒಂದ ಕಮ್ಮಿ. ಇವರು ಚಿಮಣಿ ಎಣ್ಣೆ ತಂದು, ಕೋಳಿಯ ಪುಕ್ಕ ಅದ್ದಿ ಅದ್ದಿ, ಇಡೀ ದಿನ ಕೂತು ಆ ಅಂಟು ತೆಗೆದರು, ಮಗುವಿನ ಕಿವಿ ಒರೆಸುವ ಹಾಗೆ.

ಅದೇ ಕೈ ಈಗ ಪಡಸಾಲೆಯಲ್ಲಿ ಮೊಳೆ ಬಡಿಯುತ್ತಿದೆ. ಅಟ್ಟದ ಹಲಗೆ ಸಡಿಲಾಗಿತ್ತಂತೆ, ಮಷೀನಿನ ಭಾರ ತಡೆಯಬೇಕಲ್ಲ. ಮೈದುನ ಯಲ್ಲೇಶ ನಿಚ್ಚಣಿಕೆ ಹಿಡಿದಿದ್ದಾನೆ. ಆತೇನು? — ಇನ್ನೂ ಇಲ್ರಿ. — ಏನ್ ಅತ್ತಿಗಿ, ಮಷೀನ ಕಟ್ಟಾಕತ್ತೀಯೋ ಮದಿಮಗಳನ್ನ ಸಿಂಗಾರ ಮಾಡಾಕತ್ತೀಯೋ, ಅರಿಶಿಣ ಹಚ್ಚೂದ ಒಂದ ಉಳದೈತಿ ನೋಡಣ್ಣಾ. ನಗುತ್ತಾನೆ. ಇವರು ನಗಲಿಲ್ಲ, ಇನ್ನೊಂದು ಮೊಳೆ ಬಡಿದರು. ಹೆಸರು ಕಾಳಿನ ಚೀಲ ಇಡಲು ಜಾಗ ಬೇಕು, ಅದು ಓಣಿಗೆ ಹೇಳುವ ಮಾತು. ಹೆಸರು ಬಂದಿದೆ, ನಿಜ, ಚೀಲಗಳೂ ಇವೆ, ಆದರೆ ಹೋದ ವರ್ಷವೂ ಬಂದಿತ್ತು, ಆಗ ಚೀಲ ಒಳಮನೆಯಲ್ಲಿ ಕೂತವು, ಮಷೀನು ಕಿಟಕಿಯಲ್ಲೇ ಇತ್ತು. ನಿಜವಾದ ಮಾತು ಪಂಚಮಿ ಮುಗಿದು ಮಗಳನ್ನು ಗಂಡನ ಊರಾದ ಅಣ್ಣಿಗೇರಿಯ ಬಸ್ಸಿಗೆ ಹತ್ತಿಸಿ ಬಂದ ಸಂಜೆ ಬಂತು, ಇವರು ಮಷೀನಿನ ಗಾಲಿಯ ಮೇಲೆ ಕೈಯಿಟ್ಟು, ನನ್ನ ಮುಖ ನೋಡದೆ — ಇದು ಕಣ್ಣ ಮುಂದ ಇದ್ರ ಅಕಿಗೆ ತಿರುಗಿ ಬರೂ ದಾರಿ ಐತಿ ಅನಸತೈತಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಎತ್ತಿಟ್ಟಬಿಡೂಣು, ಅಲ್ಲೇ ಹೊಂದಕೋತಾಳ. ನಾನು, ಹೊಂದಕೋಲಿಕ್ಕರ? ಅಂದೆ. ಯಲ್ಲೇಶನ ಹುಡುಗ್ಯಾರು ಇನ್ನೂ ಲಗ್ನಕ್ಕ ಅದಾವು, ಒಬ್ಬಾಕಿ ಮನ್ಯಾಗ ಬಂದ ಕುಂತ್ರ ಆ ಇಬ್ಬರನ್ನ ಯಾರ ಕೇಳ್ತಾರ, ನೀನ ಹೇಳು, ಅಂದರು. ಈ ಮಷೀನನ್ನು ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಹೇರಿಸಿಕೊಂಡು ಬಂದವರು ಇವರೇ, ಯಾರದೋ ಟ್ರಂಕು ಬಡಿದು ಬಣ್ಣ ಹೋಗುತ್ತದೆಂದು ದಾರಿಯುದ್ದಕ್ಕೂ ನಿಲ್ದಾಣ ನಿಲ್ದಾಣಕ್ಕೆ ಇಳಿದು ಮೇಲೆ ನೋಡಿದವರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ಹಲ್ಲುಗಳ ಸಂದಿಯಲ್ಲಿ ಎಷ್ಟೊಂದು ಅರಳೆ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಈ ಸಣ್ಣ ಕಬ್ಬಿಣದ ಹಲ್ಲುಗಳು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದರಿದರೆ ಎಳೆಗಳು ಬರುತ್ತವೆ, ಹಸಿರು ಮಲಿಕಾಬಿಯ ಮಗಳ ಹಬ್ಬದ ಚೂಡಿ, ನೀಲಿ ಸಾಲಿ ಹುಡುಗರ ಅಂಗಿ, ಹಳದಿ ಯಾರದು — ಊರಿನ ಎಲ್ಲರ ಮೈ ಇಲ್ಲಿ ಸೇರಿ ಬೂದಿಬಣ್ಣದ ಉಂಡೆಯಾಗಿದೆ. ನಡುವೆ ಕೆಂಪು. ಒಣಮೆಣಸಿನಕಾಯಿ ಕೆಂಪು. ಅದನ್ನು ಬೆರಳಲ್ಲಿ ಹಿಡಿದು ಕೂತೆ ಎಷ್ಟು ಹೊತ್ತು. ಕಿಟಕಿಯಲ್ಲಿ ಮಲಿಕಾಬಿಯ ಮುಖ, ಏನ್ ಮೈಲಾರಕ್ಕಾ, ಖರೇನ ಎತ್ತಿಡಾಕತ್ತೇರೇನು, ನನ್ನ ಎರಡ ಜಂಪರ ಯಾರ ಹೊಲಿಯೋರು ನಿಮ್ಮ ಯಲ್ಲೇಶನೇನು? ಕುಂದಗೋಳಕ್ಕ ಕೊಡು ಅಂದೆ. ಕುಂದಗೋಳದಾಂವ ತೋಳ ಬಿಗಿ ಮಾಡಿ ಕೈ ಎತ್ತಾಕ ಬರಲಾರದಂಗ ಮಾಡ್ತಾನ, ನಿನ್ನ ಕೈ ಬರ್ತೈತೇನು ಅವಂಗ. ಮಗಳ ಕುಬಸಕ್ಕ ನಮ್ಮನ್ನ ಕರೀಬೇಕಾಕ್ಕೈತಿ, ಹಸರ ಜಂಪರ ಹೊಲೀಬೇಕಾಕ್ಕೈತಿ ಅಂತ ಮುಚ್ಚಿಡಾಕತ್ತೀ ಹೌದಿಲ್ಲೋ? ನಗುತ್ತ ಕೇಳಿದಳು, ನಗುತ್ತಲೇ ನನ್ನ ಮುಖ ನೋಡಿದಳು, ಆಮೇಲೆ ನಗಲಿಲ್ಲ. ಕೋಳಿ ಅಟ್ಟುವ ನೆಪ ಮಾಡಿ ಹೋದಳು. ಬಸಿರಿಗೆ ಕುಬಸ ಮಾಡುತ್ತೇವೆ, ಹಸಿರು ಸೀರೆ ಉಡಿಸಿ ಆರತಿ ಎತ್ತುತ್ತೇವೆ, ಒಳಗೆ ಎರಡು ಹೊಲಿಗೆಯಷ್ಟು ಬಟ್ಟೆ ಬಿಟ್ಟು ಜಂಪರ್ ಹೊಲಿಯುತ್ತೇವೆ, ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಲಿ ಎಂದು. ಸುವರ್ಣಾಳ ಮೈ ಬೇರೆ ಕಡೆ ಹೊರಟಿದೆ. ಪಂಚಮಿಗೆ ಬಂದಾಗ ಲಗ್ನದ ಜಂಪರ್ ತೊಟ್ಟಿದ್ದಳು, ಅದು ದೊಗಳೆಯಾಗಿ ಒಳಗಿನಿಂದ ಎರಡು ಹೊಲಿಗೆ ತಾನೇ ಹಿಡಿದುಕೊಂಡಿದ್ದಳು, ಕೈ ಹೊಲಿಗೆ, ಅವಸರದ ಹೊಲಿಗೆ, ಮಷೀನಿಲ್ಲದ ಮನೆಯ ಹೊಲಿಗೆ.

ನಾನೇ ಅಂದೆ, ಒಂದ ಹೊಸಾದ ಹೊಲೀತೀನಿ ತಡಿ, ಪಂಚಮಿಗೆ ತಂದ ಕೆಂಪು ಅರಿವಿ ಐತಿ. ಅಳತೆಗೆ ನಿಂತಳು. ಟೇಪು ಬೆನ್ನಿಗೆ ತಾಗಿದೊಡನೆ ಮೈ ಸೆಟೆಯಿತು — ಟೇಪ ತಣ್ಣಗೈತಿ ಬೇ. ಇಷ್ಟು ಹೊತ್ತು ನನ್ನ ಕೊರಳಲ್ಲೇ ಇದ್ದ ಟೇಪು ಎಲ್ಲಿ ತಣ್ಣಗಿರುತ್ತದೆ, ಅಂದುಕೊಂಡೆ, ಅಂದುಕೊಂಡು ಬಿಟ್ಟೆ, ಟೇಪಿನ ಅಂಕಿ ಕಣ್ಣಿಗೆ ಕಾಣುತ್ತಿರಲಿಲ್ಲ, ಅದರ ಕಡೆ ಗಮನ ಹೋಯಿತು. ಬೆನ್ನ ಮ್ಯಾಲೆ ತಗೊ ಯವ್ವಾ. ಎಷ್ಟ ಮ್ಯಾಲೆ? ಅಗದಿ ಮ್ಯಾಲೆ, ಕುತಗಿ ತನಕ. ತೋಳು ಮೊಣಕೈ ದಾಟಲಿ. ಇವಳು, ಲಗ್ನಕ್ಕೆ ಮೊದಲು ಬೆನ್ನನ್ನು ಅಂಗೈಯಷ್ಟು ಇಳಿಸಿ ಹೊಲಿದುಕೊಂಡು ಅಜ್ಜಿಯ ಕೈಲಿ ಬೈಸಿಕೊಂಡವಳು, ಕಿಡಕಿ ಮನ್ಯಾಗ ಇಡಬೇಕ ಯವ್ವಾ ಬೆನ್ನಾಗ ಅಲ್ಲ ಅಂತ ಅಜ್ಜಿ, ಗಾಳಿ ಆಡಬೇಕಲ್ಲಜ್ಜಿ ಅಂತ ಇವಳು. ಕೊರಳಿನ ತಿರುವು ಕತ್ತರಿಸಿದಾಗ ಬೀಳುವ ತುಂಡು, ಅರ್ಧಚಂದ್ರನ ಹಾಗೆ, ಆಗೆಲ್ಲ ಅಂಗೈ ಅಗಲ ಬೀಳುತ್ತಿತ್ತು, ಅದರಲ್ಲಿ ಗೊಂಬೆಗೆ ಲಂಗ ಆಗುತ್ತಿತ್ತು. ಈ ಸಲ ಬಿದ್ದದ್ದು ಕತ್ತರಿಸಿದ ಉಗುರಿನಂಥ ತುಂಡು. ಕೆಂಪು ಉಗುರು. ಅದನ್ನು ನೋಡಿದ ಮೇಲೆ ನನಗೆ ತಿಳಿಯಿತು, ಕತ್ತರಿ ಕೈಯಲ್ಲಿ, ಮಗಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಒಬ್ಬ ಹೆಂಗಸು ಬೆನ್ನು ಯಾಕೆ ಮುಚ್ಚಿಸಿಕೊಳ್ಳುತ್ತಾಳೆ ಎಂದು ಹೊಲಿಯುವವಳಿಗೆ ಯಾರೂ ಹೇಳಬೇಕಾಗಿಲ್ಲ. ನಾನು ಹಿತ್ತಲಿಗೆ ಹೋಗಲಿಲ್ಲ. ಜಂಪರ್ ಹೊಲಿದೆ. ಚೆನ್ನಾಗಿ ಹೊಲಿದೆ, ಒಳಗೆ ಮೆತ್ತನೆಯ ಬಟ್ಟೆ ಹಚ್ಚಿ. ಇವರಿಗೆ ಹೇಳಿದೆ, ಬೆನ್ನ ಮ್ಯಾಲೆ ತಗೊ ಅಂದ್ಲ್ರಿ. ಚೊಲೋ ಆತಲ್ಲ, ಈಗರ ಮರ್ಯಾದಿ ಬಂತು ಅಂದರು, ಅಂದು ಎದ್ದು ಎತ್ತಿಗೆ ನೀರು ಕುಡಿಸಲು ಹೋದರು, ಎತ್ತು ಆಗಲೇ ಕುಡಿದಿತ್ತು.

ಬಸ್ಸು ಹತ್ತುವಾಗ ಅವಳು ಬೇರೇನೂ ಕೇಳಲಿಲ್ಲ. ಯವ್ವಾ, ಮಷೀನ ಕಿಡಕ್ಯಾಗ ಇರ್ಲಿ, ಇಷ್ಟೇ. ಬರೀ ಇಷ್ಟೇ. ನಾನು ಹೂಂ ಅಂದೆ. ಆಮೇಲೆ ಫೋನು. ಆ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಮೊದಲು ಬೀಗತಿಯ ದನಿ ಬರುತ್ತದೆ, ಆರಾಮ ಅದೀರ್ಯಾ, ನಿಮ್ಮ ಮಗಳಿಗೆ ಮಾತಾಡಸ್ರಿ, ಆಮೇಲೆ ಎಲ್ಲೋ ದೂರದಿಂದ ಸುವರ್ಣಾ, ಕಾಳ ರಾಶಿ ಆತೇನು, ಅಪ್ಪನ ಮೊಣಕಾಲ ಹೆಂಗೈತಿ, ಮಳಿ ಆತೇನು, ಆಮೇಲೆ — ಯವ್ವಾ, ಮಷೀನ ಕಿಡಕ್ಯಾಗ ಐತಿಲ್ಲೋ? ಐತಿ ಅನ್ನಬೇಕಿತ್ತು. ಒಂದು ಮಾತು. ಆಗ ಇನ್ನೂ ಇಲ್ಲೇ ಇತ್ತು, ನಾನು ಇದರ ಪಕ್ಕದಲ್ಲೇ ನಿಂತು ಫೋನು ಹಿಡಿದಿದ್ದೆ, ನನ್ನ ಸೊಂಟ ಇದಕ್ಕೆ ತಾಗಿತ್ತು. ರಾಶಿಯ ಹೊಟ್ಟು ಹಾರಿ ಬಂದು ಇದರ ಮೇಲೆ ಕೂತೀತು ಎಂದು ಮಗಳು ಚಿಂತೆ ಮಾಡುತ್ತಿದ್ದಾಳೆ ಅಂದುಕೊಂಡೆ, ಅವಳ ಜೀವದ ಮಷೀನಲ್ಲವೇ, ಅವಳಿಗೆ ಸಮಾಧಾನ ಆಗಲಿ ಎಂದು ದನಿ ಎತ್ತಿ, ದೊಡ್ಡದಾಗಿ, ನಗುತ್ತ — ಏ ನೀ ಅದರ ಚಿಂತಿ ಬಿಡವ್ವಾ, ಅಟ್ಟದ ಮ್ಯಾಲೆ ಛಂದಾಗಿ ಎತ್ತಿಡ್ತೀವಿ, ನಿಮ್ಮಪ್ಪ ಹಲಗಿ ರೆಡಿ ಮಾಡಾಕತ್ತಾನ. ಬೀಗತಿ ನಕ್ಕಳು, ನೋಡ್ರಿ, ಗಂಡನ ಚಿಂತಿ ಇಲ್ಲ ಮಷೀನಿನ ಚಿಂತಿ ನಿಮ್ಮ ಮಗಳಿಗೆ. ನಾನೂ ನಕ್ಕೆ. ಇಬ್ಬರು ಬೀಗತಿಯರು ನಕ್ಕೆವು. ಸುವರ್ಣಾ, ಚೊಲೋ ಆತ ಬಿಡು, ಅಂದಳು.

ಚೊಲೋ ಆತ ಬಿಡು. ಈ ಬ್ರಷ್ಷು ಕೈಯಿಂದ ಬಿತ್ತು, ಎಲ್ಲಿ ಹೋಯಿತು, ಇರಲಿ. ಅವಳು ಮಷೀನನ್ನು ಕೇಳಿರಲಿಲ್ಲ. ಎಲ್ಲರೂ ಕೇಳುವ ಫೋನಿನಲ್ಲಿ ಬರಲೇನು ಎಂದು ಹೇಗೆ ಕೇಳುವುದು, ಮಷೀನು ಕಿಟಕಿಯಲ್ಲಿದೆಯೇ ಎಂದು ಕೇಳುತ್ತಾರೆ. ನಾನು ಎತ್ತಿಡುತ್ತೇವೆ ಎಂದೆ. ಛಂದಾಗಿ ಎಂದೆ. ಅಪ್ಪ ಹಲಗಿ ರೆಡಿ ಮಾಡುತ್ತಿದ್ದಾನೆ ಎಂದೂ ಸೇರಿಸಿದೆ, ಎರಡನೇ ಹೊಲಿಗೆ ಹಾಕಿದ ಹಾಗೆ, ಬಿಚ್ಚಬಾರದೆಂದು. ಆಮೇಲಿಂದ ನಾನು ಮಾಡಿದ ಫೋನಿಗೆಲ್ಲ ಬೀಗತಿಯೇ, ಹೊಲಕ್ಕ ಹೋಗ್ಯಾಳ್ರಿ, ನೀರ ಎರಕೊಳ್ಳಾಕತ್ತಾಳ್ರಿ, ಒಮ್ಮೆ ಸಿಕ್ಕಳು, ಸುವ್ವಿ, ಅಂದೆ, ಹಾಂ ಯವ್ವಾ, ಆರಾಮ ಅದೇನಿ, ಇಡ್ತೀನಿ. ಮಷೀನಿನ ಮಾತು ಎತ್ತಲಿಲ್ಲ. ನಾನು ಅದನ್ನೂ ಒಳ್ಳೆಯದೇ ಅಂದುಕೊಂಡೆ, ಹೊಂದಿಕೊಂಡಳು, ಇವರು ಹೇಳಿದ ಹಾಗೆಯೇ ಆಯಿತು ಅಂದುಕೊಂಡೆ, ಅಂದುಕೊಂಡು ಮೈಲಾರಲಿಂಗನಿಗೆ ಕೈ ಮುಗಿದೆ, ಥೂ. ಗಾಲಿ ಹಿಂದಕ್ಕ ತಿರವಬ್ಯಾಡ ಯವ್ವಾ. ಆಡಿದ್ದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ, ಅಣ್ಣಿಗೇರಿಗೆ ಹೋಗಿ ಬೀಗತಿ ಹಾಕಿದ ಚಾಪೆಯ ಮೇಲೆ ಕೂತು ಚಹಾ ಕುಡಿದು ಎಲ್ಲರ ಎದುರು ಏನು ಹೇಳಲಿ, ಬಾ ಎಂದರೆ ಎಲ್ಲಿಗೆ, ಬಂದವಳನ್ನು ಇವರು ಬಾಗಿಲಿನಿಂದಲೇ ಮುಂದಿನ ಬಸ್ಸಿಗೆ ಹತ್ತಿಸಿದರೆ — ಹತ್ತಿಸುತ್ತಾರೆ, ಅತ್ತುಕೊಂಡೇ ಹತ್ತಿಸುತ್ತಾರೆ — ಆ ಬೆನ್ನು ಮತ್ತೆ ಅದೇ ಮನೆಗೆ, ಈ ಸಲ ತವರಿಗೆ ಓಡಿಹೋದ ಬೆನ್ನಾಗಿ. ಯಲ್ಲೇಶನ ಹುಡುಗಿಯರು ಅಲ್ಲಿ ಅಂಗಳದಲ್ಲಿ ಹೆಸರು ಆರಿಸುತ್ತ ಏನೋ ಹಾಡಿಕೊಳ್ಳುತ್ತಿದ್ದಾರೆ, ಅವರ ಮೇಲೂ ಸಿಟ್ಟು ಬರುವುದಿಲ್ಲ.

ಆತೇನು? — ಆಗಾಕ ಬಂತ್ರಿ. ಸ್ಟ್ಯಾಂಡಿನಿಂದ ತಿರುಪು ಬಿಚ್ಚಿದ್ದೇನೆ, ಪಟ್ಟಾ ತೆಗೆದಿದ್ದೇನೆ. ಪಟ್ಟಾ ಇಲ್ಲದ ಪಾವಟಿಗೆ ಕಾಲು ತಾಗಿತು, ಕೆಳಗಿನ ಗಾಲಿ ಬರಿದೇ ಸುತ್ತಿತು, ಸಲೀಸಾಗಿ, ಸದ್ದೇ ಇಲ್ಲದೆ, ಮೇಲೆ ಏನೂ ಅಲುಗಲಿಲ್ಲ. ಗೋಣಿಚೀಲ ಸುತ್ತಬಾರದು, ತೇವ ಹಿಡಿದು ತುಕ್ಕು ಬರುತ್ತದೆ, ಹಳೆಯ ನೂಲಿನ ಸೀರೆ ಸುತ್ತಬೇಕು, ಸುತ್ತಲು ನನ್ನದೇ ಒಂದಿದೆ. ಬೇವಿನ ಸೊಪ್ಪು ಪೆಟ್ಟಿಗೆಯ ತಳಕ್ಕೆ. ಬಟ್ಟೆ ಒತ್ತಿ ಹಿಡಿಯುವ ಮಷೀನಿನ ಪಾದದ ಕೆಳಗೆ ಅರಿವೆಯ ತುಂಡಿಟ್ಟು ಪಾದ ಇಳಿಸಬೇಕು, ಕಬ್ಬಿಣಕ್ಕೆ ಕಬ್ಬಿಣ ತಾಗಿ ಹಲ್ಲು ಸವೆಯಬಾರದು, ಸೂಜಿಯನ್ನು ತುಂಡಿನೊಳಗೆ ಇಳಿಸಿ ಬಿಡಬೇಕು. ಕೊನೆಗೆ ದಾರ. ದಾರ ತಗದ ಇಡಬೇಕ ಬೇ, ನಮ್ಮ ಟೀಚರ ಹೇಳ್ತಾರ, ದಾರ ಇದ್ದ ಮಷೀನ ಅಂದ್ರ ಹೊಲಿಯಾಕಿ ಈಗ ಬರ್ತಾಳ ಅಂತ ಅರ್ಥ, ಯಾರೂ ಮುಟ್ಟಬಾರದು. ತುಂಡು ಹುಡುಕಿದೆ, ಡಬ್ಬಿಯಲ್ಲಿ ಎಷ್ಟೋ ಇವೆ, ಕೈಗೆ ಅದೇ ಬಂತು, ಕೆಂಪು ಉಗುರು. ಸಣ್ಣದು, ಆದರೆ ಪಾದದ ಕೆಳಗೆ ಸಾಕಾಗುತ್ತದೆ.

ಇವರ ಹೆಜ್ಜೆ. ಬಾಗಿಲಲ್ಲಿ ನಿಂತರು, ಕೈಯಲ್ಲಿ ಹಗ್ಗ, ಗಾಲಿಯನ್ನು ನೋಡಿದರು. ಎಣ್ಣಿ ಹಾಕಿದೇನು? — ಹಾಕೇನ್ರಿ. — ಯಾವ ಎಣ್ಣಿ? ನಗಿಸಬೇಕೆಂದೇ ಕೇಳಿದ್ದರು, ನಗಲು ಇಬ್ಬರಿಗೂ ಆಗಲಿಲ್ಲ. ಮಷೀನಿನ ಎಣ್ಣೀನ ಹಾಕೇನ್ರಿ. ಛಂದಾಗಿ ಕಟ್ಟು, ಇಲಿ ಹೋಗಬಾರದು, ಅಂದು ಯಲ್ಲೇಶನನ್ನು ಕೂಗಲು ಹೋದರು. ಅಷ್ಟೇ ಹೊತ್ತು ನನಗಿದ್ದದ್ದು. ಬಾಬಿನ್ನಿಗೆ ಕೆಂಪು ದಾರ ಸುತ್ತಿಯೇ ಇತ್ತು. ದಾರದ ಉಂಡೆಯನ್ನು ಮೇಲಿನ ಕಡ್ಡಿಗೆ ಸಿಕ್ಕಿಸಿ ದಾರವನ್ನು ಒಂದೊಂದೇ ಕೊಂಡಿ ದಾಟಿಸಿ ತಂದೆ, ನಾಲಗೆಗೆ ತಾಗಿಸಿ ತುದಿ ಮೊನೆ ಮಾಡಿ, ಸೂಜಿಯ ಕಣ್ಣಿಗೆ, ಯಾವತ್ತೂ ನಾಲ್ಕು ಸಲ ತಪ್ಪುವವಳು, ಒಂದೇ ಸಲಕ್ಕೆ ಹೋಯಿತು. ಗಾಲಿಯನ್ನು ಕೈಯಿಂದ ಮುಂದಕ್ಕೆ, ಮುಂದಕ್ಕೇ, ತಿರುಗಿಸಿ ಸೂಜಿ ಇಳಿಸಿದೆ. ಸೀರೆ ಸುತ್ತಿದೆ. ಯಾರಿಗೂ ಕಾಣುವುದಿಲ್ಲ. ಯಲ್ಲೇಶ ಬಂದ, ಎತ್ತಣ್ಣಾ, ನಾಜೂಕ, ಮದಿಮಗಳು, ಅಂದ, ಪೆಟ್ಟಿಗೆ ನಿಚ್ಚಣಿಕೆ ಏರಿತು, ಕಿಟಕಿಯಿಂದ ಇದ್ದಕ್ಕಿದ್ದಂತೆ ತುಂಬ ಬೆಳಕು ಒಳಗೆ ಬಂದು ನೆಲದ ಮೇಲೆ ಬಿತ್ತು, ಎಣ್ಣೆಯ ಕಲೆಗಳು ಕಂಡವು. ಮುಂದಿನ ಸಲ ಅವಳು ಕೇಳಿದರೆ, ಬೀಗತಿ ಕೇಳಲಿ, ಊರೇ ಕೇಳಲಿ, ದಾರ ಹಾಕೇ ಇಟ್ಟೇನವ್ವಾ ಅನ್ನುತ್ತೇನೆ, ಇವರನ್ನು ಕೇಳುವುದಿಲ್ಲ, ನಾನೇ ನಿಚ್ಚಣಿಕೆ ಹಾಕಿ ಇಳಿಸುತ್ತೇನೆ, ಕೇಳಿದರೆ. ಮಷೀನಿನ ಮಾತು ಅವಳು ಮತ್ತೆ ಕೇಳಿದರೆ. ಕೇಳದಿದ್ದರೆ — ಅಲ್ಲಿ ಕತ್ತಲಲ್ಲಿ, ನನ್ನ ಸೀರೆಯೊಳಗೆ, ಆ ಕೆಂಪು ಉಗುರು, ಅದರ ನಡುವೆ ಇಳಿದು ನಿಂತ ಸೂಜಿ, ಸೂಜಿಯ ಕಣ್ಣಲ್ಲಿ ದಾರ, ಕೆಂಪು ಉಗುರು, ಸೂಜಿ, ಇಳಿದು ನಿಂತ ಸೂಜಿ.