ತೋಟಪ್ಪ ಆರಿಸಿದ ಸೈಟು

ಸರೋಜಮ್ಮನ ಕಾಲು ಮೇಲೆ ಬಂತು, ಚಪ್ಪಲಿ ಮಾತ್ರ ಕೆಸರಿನಲ್ಲೇ ಉಳಿಯಿತು. ಗಂಡ ತೋಟಪ್ಪ ಬಗ್ಗಿ ಅದನ್ನು ಕಿತ್ತು ತೆಗೆದ. ತೆಗೆದವನು ಸುಮ್ಮನಿರಬಾರದೆ? ಅಂಟಿದ್ದ ಮಣ್ಣನ್ನು ಬೆರಳಲ್ಲಿ ಉಜ್ಜಿ ಅವಳ ಮುಖದ ಹತ್ತಿರ ಹಿಡಿದ.

"ನೋಡು ಹೆಂಗೈತೆ, ಬೆಣ್ಣೆ ಕಣೆ. ಮೆಣಸಿನ ಬಳ್ಳಿ ನೆಟ್ರೆ ಮೂರೇ ವರ್ಷಕ್ಕೆ ಫಸಲು."

"ನಾನು ಕೇಳಿದ್ದು ಮನೆ ಕಣ್ರೀ," ಎಂದಳು ಸರೋಜಮ್ಮ.

ಮಾತು ನಿಜ. ಯಸಳೂರಿನ ಗುಡ್ಡದಲ್ಲಿ ಮೂವತ್ತು ವರ್ಷ ಹತ್ತಿ ಇಳಿದು ಅವಳ ಮಂಡಿ ಸವೆದುಹೋಗಿತ್ತು. ಅಂಗಳದಿಂದ ಬಾವಿಗೆ ಇಳಿಜಾರು, ಬಾವಿಯಿಂದ ಕೊಟ್ಟಿಗೆಗೆ ಏರು. ತಂಗಿಯಿರುವ ಭದ್ರಾವತಿಯಲ್ಲಿ, ಸಮತಟ್ಟು ನೆಲದ ಮೇಲೊಂದು ಪುಟ್ಟ ಮನೆ ಬೇಕು ಎಂದಿದ್ದಳು. ಮದುವೆಯಾದಂದಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಆರು ತಿಂಗಳ ಹಿಂದೆ ಕಾಫಿಗೆ ಒಳ್ಳೆಯ ಬೆಲೆ ಬಂದಾಗ ತೋಟಪ್ಪ ಒಬ್ಬನೇ ಬಂದು ಸೈಟು ನೋಡಿದ್ದ. ಮುಚ್ಚಿಹೋಗುವಂತಿದ್ದ ಊರಿನ ಉಕ್ಕಿನ ಕಾರ್ಖಾನೆ ಚೇತರಿಸಿಕೊಂಡಿದೆ, ಬಾಡಿಗೆ ಮನೆ ಹುಡುಕಿದರೂ ಸಿಗುತ್ತಿಲ್ಲ, ಇನ್ನು ಸೈಟಿನ ಬೆಲೆ ಹಿಡಿಯುವವರಿಲ್ಲ ಎಂದು ಬ್ರೋಕರ್ ನಟರಾಜ್ ಉಸಿರು ಬಿಡದೆ ಹೇಳಿದ. ತೋಟಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮಣ್ಣು ನೋಡದೆ ಜಾಗ ಕೊಳ್ಳುವವನು ಅವನಲ್ಲ. ನಟರಾಜ್ ಮೊದಲು ತೋರಿಸಿದ ರಸ್ತೆ ಬದಿಯ ಸೈಟಿಗೆ ಗುದ್ದಲಿ ತರಿಸಿ ಎರಡೇಟು ಹಾಕಿದ, ಕಿಡಿ ಹಾರಿತು. ಇಲ್ಲಿ ಹುಲ್ಲೂ ಹುಟ್ಟುವುದಿಲ್ಲವೆಂದು ಮುಖ ಸಿಂಡರಿಸಿ ಮುಂದೆ ನಡೆದ. ಬಡಾವಣೆಯ ತಗ್ಗಿನ ಮೂಲೆಯಲ್ಲಿ, ಬೇಸಿಗೆಯಲ್ಲೂ ತೇವ ಆರದ ಕರಿಮಣ್ಣು ಕಂಡು ಅವನ ಜೀವ ತಂಪಾಯಿತು. ಎರಡು ವರ್ಷದಿಂದ ಯಾರೂ ಮೂಸಿ ನೋಡದ ಸೈಟು ಅದು. ಇವನು ಮಾತ್ರ ಅದನ್ನೇ ಕೊಂಡು, ಪೇಟೆಯವನಿಗೇ ಟೋಪಿ ಹಾಕಿದೆನೆಂದು ಸಕಲೇಶಪುರದವರೆಗೂ ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಹೋಗಿದ್ದ.

ಈಗ ಪಾಯದ ಆಳ ನೋಡಲು ಬಂದ ಮೇಸ್ತ್ರಿ ಲಕ್ಕಯ್ಯ ಕಬ್ಬಿಣದ ಸಲಾಕೆ ಚುಚ್ಚಿದ. ಅದು ಅವನ ಮುಷ್ಟಿಯವರೆಗೂ ಸಲೀಸಾಗಿ ಇಳಿಯಿತು.

"ಇಲ್ಲಿ ಮನೆ ನಿಲ್ಲಲ್ಲ ಯಜಮಾನ್ರೇ. ಭತ್ತ ನಾಟಿ ಮಾಡ್ಬೌದು," ಎಂದ.

ಮಣ್ಣಿನ ವಿಷಯದಲ್ಲಿ ಹೋಬಳಿಗೆಲ್ಲ ಬುದ್ಧಿ ಹೇಳುವ ತೋಟಪ್ಪನಿಗೆ ನಾಚಿಕೆಯಾಯಿತು. ಹೆಂಡತಿ ಚಪ್ಪಲಿ ಒರೆಸಿ ಮೆಟ್ಟಿಕೊಂಡು ರಸ್ತೆಯ ಕಡೆ ಹೋಗಿಬಿಟ್ಟಿದ್ದಳು.

ಕಿಡಿ ಹಾರಿದ ಸೈಟು ಇನ್ನೂ ಇದೆಯೇ ಎಂದು ಜೊತೆಗೆ ಬಂದಿದ್ದ ನಟರಾಜನನ್ನು ಮೆಲ್ಲಗೆ ಕೇಳಿದ. ಇದೆ, ಆದರೆ ಆರೇ ತಿಂಗಳಲ್ಲಿ ಬೆಲೆ ಏರಿಬಿಟ್ಟಿದೆ, ಕರಿಮಣ್ಣಿನದನ್ನು ವಾಪಸು ಕೊಟ್ಟರೂ ಸಾಲದು ಎಂದ ನಟರಾಜ್. "ಅವತ್ತೇ ಹೇಳಿದ್ನಲ್ಲ ಯಜಮಾನ್ರೇ, ನೀವು ಮಣ್ಣು ಮೂಸ್ತಾ ಇದ್ರಿ."

ಅಷ್ಟು ಹೊಂದಿಸಬೇಕೆಂದರೆ ಹಳ್ಳದ ದಂಡೆಯ ಒಂದು ಎಕರೆ ಮಾರಬೇಕು. ತೋಟಪ್ಪನ ಇಡೀ ತೋಟದಲ್ಲಿ ಅಂಥ ಮಣ್ಣು ಇನ್ನೆಲ್ಲೂ ಇಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದವನು ರಸ್ತೆಯ ಕಡೆ ನೋಡಿದ.

ಸಮತಟ್ಟು ರಸ್ತೆಯ ಮೇಲೆ ಸರೋಜಮ್ಮ ನಡೆಯುತ್ತಿದ್ದಳು. ನೆರಿಗೆ ಎತ್ತಿ ಹಿಡಿದಿರಲಿಲ್ಲ, ಕಾಲ ಕೆಳಗೆ ನೋಡುತ್ತಿರಲಿಲ್ಲ.

"ಬರ್ಕೊಳಪ್ಪ, ಅದೇ ಇರ್ಲಿ," ಎಂದ ತೋಟಪ್ಪ.

ಅವಳಿಗೆ ಅದು ಕೇಳಿಸಲಿಲ್ಲ. ರಸ್ತೆಯ ಕೊನೆ ಮುಟ್ಟಿ ತಿರುಗಿದಳು, ಇವರ ಎದುರಿಗೇ ಕೈಬೀಸಿಕೊಂಡು ಹಾದು, ಇನ್ನೊಂದು ತುದಿಯ ಕಡೆ ಹೊರಟಳು.