ಕಾಡಿಗೆ ನೀರಿನ ತೊಟ್ಟಿ

ನಾನು ಒಂದು ತಗಡಿನ ತೊಟ್ಟಿ. ಮದ್ದೂರಿನ ತಗಡು ಕೆಲಸದವನೊಬ್ಬ ನನ್ನನ್ನು ಬಡಿದು, ಅಂಚು ಮಡಚಿ, ಹದಿನೆಂಟು ರಿವೆಟ್ ಹೊಡೆದ. ಮೊದಲ ನಾಲ್ಕು ವರ್ಷ ಆಲೆಮನೆಯಲ್ಲಿ ಕಬ್ಬಿನ ಹಾಲು ಹಿಡಿದೆ. ಆಲೆಮನೆ ಮುಚ್ಚಿದಾಗ ಕಬ್ಬಿನ ಸಂಶೋಧನಾ ಫಾರಂನವರು ನನ್ನನ್ನು ಕೊಂಡರು. ಅಂದಿನಿಂದ ನನ್ನ ಕೆಲಸ ಕಬ್ಬಿಗೆ ರೋಗ ಹಚ್ಚುವುದು.

ರೋಗದ ಹೆಸರು ಕಾಡಿಗೆ. ಅದೊಂದು ಶಿಲೀಂಧ್ರ. ಹತ್ತಿದ ಕಬ್ಬಿನ ಸುಳಿಯಿಂದ ಎಲೆಯ ಬದಲು ಚಾಟಿಯಂಥ ಕಪ್ಪು ಕಡ್ಡಿ ಹೊರಡುತ್ತದೆ. ಅದರ ಬೆಳ್ಳಿ ಬಣ್ಣದ ಪೊರೆ ಹರಿದರೆ ಕಪ್ಪು ಪುಡಿ ಗಾಳಿಗೆ ಹಾರುತ್ತದೆ. ಆ ಪುಡಿಯನ್ನು ನನ್ನ ನೀರಿನಲ್ಲಿ ಕಲಸಿ, ಹೊಸ ತಳಿಗಳ ತುಂಡುಗಳನ್ನು ಅರ್ಧ ಗಂಟೆ ಮುಳುಗಿಸಿ ನೆಡುತ್ತಿದ್ದರು. ನೂರು ಬುಡಗಳಲ್ಲಿ ಹತ್ತಕ್ಕಿಂತ ಹೆಚ್ಚು ಚಾಟಿ ಬಿಟ್ಟರೆ ಆ ತಳಿಯ ಕಥೆ ಮುಗಿದಂತೆ.

ಚೌಡಯ್ಯ ಅಲ್ಲಿನ ಕ್ಷೇತ್ರ ಸಹಾಯಕ. ಒಂದೇ ಸಸಿಯಿಂದ ಒಂಬತ್ತು ವರ್ಷ ತಾನೇ ಬೆಳೆಸಿದ ನಲವತ್ತೇಳನೇ ನಂಬರಿನ ತಳಿಯನ್ನು ಅವನೇ ನನ್ನೊಳಗೆ ಇಳಿಸಿದ.

"ಏನ್ ಚೌಡಣ್ಣ, ಮಗಳ್ನ ಬಾವಿಗೆ ತಳ್ದಂಗೆ ಮಖ ಮಾಡ್ಕಂಡಿದ್ದೀಯಲ್ಲ?" ಎಂದಳು ಕೂಲಿಯಾಳು ಸಾಕಮ್ಮ.

"ಸುಮ್ಕಿರಮ್ಮಿ. ಇವಳು ಈಜ್ಕಂಡು ಬತ್ತಾಳೆ."

ಮೊದಲ ಬೆಳೆಯಲ್ಲಿ ಬಂದಳು. ನಾಲ್ಕೇ ಬುಡದಲ್ಲಿ ಚಾಟಿ. ರೋಗಶಾಸ್ತ್ರದ ಡಾ. ವಾರಿಜಾ ಗೆಣ್ಣಿನಲ್ಲಿ ಚಿಗುರೊಡೆಯುವ ಕಬ್ಬಿನ ಕಣ್ಣೊಂದನ್ನು ಸೀಳಿ ಪರೀಕ್ಷಿಸಿ ಬಂದು, ಚೌಡಯ್ಯನಿಗೆ ವಿವರಿಸಿದರು: "ಕಣ್ಣಿನ ಹೊದಿಕೆ ಬಿಗಿಯಾಗಿದೆ. ಒಳಗೆ ನುಗ್ಗಿದ ಶಿಲೀಂಧ್ರದ ಎಳೆ ಸುತ್ತ ಜೀವಕೋಶಗಳು ಗೋಡೆ ದಪ್ಪ ಮಾಡ್ಕೊಂಡಿವೆ. ಎಳೆ ಸುಳಿ ಮುಟ್ಟಿಲ್ಲ. ಆದ್ರೆ ಎಲ್ಲಾ ಬುಡದಲ್ಲೂ ಸತ್ತಿದೆ ಅಂತ ಹೇಳೋಕಾಗಲ್ಲ. ಕುಳೆ ಬೆಳೆ ನೋಡ್ಬೇಕು."

ಕೊಯ್ದ ಬುಡದಿಂದಲೇ ಮತ್ತೆ ಚಿಗುರುವುದು ಕುಳೆ. ಅದರ ಎಣಿಕೆಯ ದಿನ ಯಾರೂ ಬರುವ ಮೊದಲೇ ಚೌಡಯ್ಯ ತಳಿ ನೆಟ್ಟ ತಾಕಿಗೆ ಹೋದ. ಏಳು ಬುಡಗಳ ಚಾಟಿ ಮುರಿದು, ಒದ್ದೆ ಚೀಲದಲ್ಲಿ ಸುತ್ತಿ, ನನ್ನ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿದ. ಒಂಬತ್ತು ಗಂಟೆಗೆ ವಾರಿಜಾ ಎಣಿಸಿದಾಗ ಆರು ಸಿಕ್ಕವು. ತಳಿ ಗೆದ್ದಿತು.

ಮಧ್ಯಾಹ್ನ ನನ್ನನ್ನು ತೊಳೆಯಲು ಬಂದ ಸಾಕಮ್ಮನ ಕೈಗೆ ಚೀಲ ತಗುಲಿತು. ಬಿಚ್ಚಿ ನೋಡಿ ಅವನನ್ನು ಕರೆದಳು.

"ಇದೇನಣ್ಣ?"

"ಒಂಬತ್ ವರ್ಸ ಕಣಮ್ಮಿ."

"ನಾನ್ ಬಾಯ್ ಬಿಡಾಕಿಲ್ಲ. ನಂಗ್ ಮಾತ್ರ ಮುಟ್ಟುಸ್ಬ್ಯಾಡ. ನೀನೇ ತಕ್ಕೊಂಡೋಗಿ ಸುಡು."

ಸುಟ್ಟ.

ತಳಿ ಮೂರು ಊರುಗಳ ಹೊಲಗಳಿಗೆ ಪರೀಕ್ಷೆಗೆ ಹೋಯಿತು. ಕಬ್ಬು ದಪ್ಪ, ಸಿಹಿಯೂ ಹೆಚ್ಚು. ಬಿಡುಗಡೆಗೆ ಕಾಯದೆ ರೈತರು ಒಬ್ಬರಿಂದೊಬ್ಬರು ತುಂಡು ಇಸಿದುಕೊಂಡು ನೆಟ್ಟರು. ಎರಡನೆಯ ಕುಳೆಯ ಹೊತ್ತಿಗೆ ಹೊಲಗಳು ಕಪ್ಪಾದವು. ನೆಟ್ಟವರೇ ಬುಡ ಅಗೆದು ಬೆಂಕಿಯಿಟ್ಟರು.

ಮುಂದಿನ ಪರೀಕ್ಷೆಗೆ ಫಾರಂಗೆ ಪುಡಿ ಬೇಕಿತ್ತು. ಆ ಹೊಲಗಳಿಂದಲೇ ಚೀಲದ ತುಂಬ ಚಾಟಿ ಬಂದವು. ಜರಡಿ ಹಿಡಿಯುವ ಕೆಲಸ ಚೌಡಯ್ಯನದು. ಅರ್ಧಕ್ಕೇ ನಿಲ್ಲಿಸಿದ.

"ಏಳು, ಮೇಡಂ. ಆವತ್ತು ಏಳು ನಾನೇ ಮುರ್ದಾಕಿದ್ದೆ."

"ಆರು, ಏಳು, ಹದಿಮೂರು," ಎಂದರು ವಾರಿಜಾ. "ಜರಡಿ ಮುಗಿಸಿ."

ಅಂದು ನನ್ನೊಳಗೆ ಇಳಿದ ಇಪ್ಪತ್ತು ತಳಿಗಳಲ್ಲಿ ಉಳಿದದ್ದು ಮೂರು. ಈ ಸಲ ಎಣಿಸಿದ್ದು ಇಬ್ಬರು, ಬೇರೆ ಬೇರೆಯಾಗಿ.

ಈಗ ನನ್ನ ತಳ ತುಕ್ಕು ಹಿಡಿದು ತೂತಾಗಿದೆ. ಪಂಪ್‌ಹೌಸಿನ ಹಿಂದೆ ಬೋರಲು ಬಿದ್ದಿದ್ದೇನೆ. ಸಾವಿರಾರು ತುಂಡುಗಳಿಗೆ ರೋಗ ಹಚ್ಚಿದವನು ನಾನು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇಲ್ಲಿ ಸೋತ ಕಬ್ಬು ಯಾರ ಹೊಲವನ್ನೂ ಸುಡಲಿಲ್ಲ. ಗೆಲ್ಲಿಸಿದ ಒಂದು ಸುಟ್ಟಿತು. ಚೌಡಯ್ಯ ಫಾರಂ ಬಿಟ್ಟು ಹೋಗಿದ್ದಾನೆ. ನಲವತ್ತೇಳು ಇನ್ನೂ ಇಲ್ಲೇ ಇದೆ, ಒಂದು ಗಾಜಿನ ಡಬ್ಬಿಯಲ್ಲಿ, ಕಪ್ಪು ಪುಡಿಯಾಗಿ. ಹೊಸ ತಳಿ ಬಂದಾಗಲೆಲ್ಲ ಒಂದು ಚಮಚ ತೆಗೆಯುತ್ತಾರೆ.